ಸುಟ್ಟ ವಾಸನೆ ಬಂದರೆ ಗಾಡಿ ನಿಲ್ಲಿಸಿ

(ವೇಲಚೇರಿಯಲ್ಲಿ ಲಾರಿ ಮತ್ತು ವ್ಯಾನುಗಳ ಡ್ರೈವರರು, ಕ್ಲೀನರರು, ಹೋಟೇಲು ಕೆಲಸಗಾರರು ಕೂಡಿದ್ದ ಆದಿತ್ಯವಾರದ ಸಭೆಯಲ್ಲಿ ಸಂಘದ ಪರವಾಗಿ ಆಡಿದ ಮಾತುಗಳು)



ಹೋಟೇಲಿನವರು ಎದ್ದು ನಿಂತು ಲಾರಿಯ ವಿಷಯ ಮಾತನಾಡುವುದೆಂದರೆ ನಿಮಗೆ ನಗು ಬರುವುದು ಸಹಜ. ಇಡ್ಲಿ ಬೇಯಿಸುವವರಿಗೆ ಇಂಜಿನಿನ ಗೊಡವೆ ಯಾಕೆ ಎಂದು ಹಿಂದಿನ ಸಾಲಿನಿಂದ ಯಾರೋ ಅಂದದ್ದು ನಮ್ಮ ಕಿವಿಗೂ ಬಿತ್ತು. ಅನ್ನಲಿ, ಬೇಸರವಿಲ್ಲ. ನಾವು ಮೆಕ್ಯಾನಿಕರಲ್ಲ. ಏಳನೆಯ ತರಗತಿಯ ಆಚೆಗೆ ಶಾಲೆಯ ಮೆಟ್ಟಲು ಹತ್ತಿದವರೂ ಅಲ್ಲ. ಆದರೆ ವಾಸನೆ ಎಂಬುದು ನಮ್ಮ ಕಸುಬಿಗೆ ಸೇರಿದ ವಿಷಯ. ಹಾಲು ತಳ ಹಿಡಿದದ್ದೋ, ಬೇಳೆ ತಳ ಹಿಡಿದದ್ದೋ, ಒಗ್ಗರಣೆಯ ಸಾಸಿವೆ ಸೀದದ್ದೋ, ಇಲ್ಲವೇ ಗ್ಯಾಸಿನ ರಬ್ಬರು ಕೊಳವೆ ಒಲೆಗೆ ತಾಗಿ ಕರಗುತ್ತಿರುವುದೋ, ಹತ್ತು ವರ್ಷ ಒಲೆಯ ಮುಂದೆ ಬೆವರಿದ ಅಡಿಗೆಭಟ್ಟರನ್ನು ಕಣ್ಣು ಕಟ್ಟಿ ಹೊಸ್ತಿಲಲ್ಲಿ ನಿಲ್ಲಿಸಿದರೂ ಹೇಳಿಬಿಡುತ್ತಾರೆ. ಅದೇ ಮೂಗನ್ನು ಗಾಡಿಯ ಬಾನೆಟ್ಟಿನ ಮುಂದೆ ಉಪಯೋಗಿಸಬಾರದೇಕೆ? ಇಷ್ಟೇ ನಮ್ಮ ಪ್ರಶ್ನೆ.

ಈ ವಿಷಯವನ್ನೇ ಇವತ್ತು ಯಾಕೆ ಎತ್ತಿಕೊಂಡೆವೆಂದರೆ, ಅದಕ್ಕೆ ಒಂದು ಹಳೆಯ ಗಾಯ ಉಂಟು.

2015ರ ಡಿಸೆಂಬರ್ 1ರ ರಾತ್ರಿಯ ಮಳೆಯನ್ನು ಇಲ್ಲಿ ಕುಳಿತವರಿಗೆ ಯಾರೂ ವರ್ಣಿಸಿ ಹೇಳಬೇಕಾಗಿಲ್ಲ. ವೇಲಚೇರಿ ಮೊದಲೇ ತಗ್ಗು. ಒಂದು ಕಡೆ ಕೆರೆ, ತೆಂಕಣಕ್ಕೆ ಪಳ್ಳಿಕರಣೆಯ ಜೌಗು. ನೀರು ನಿಲ್ಲುತ್ತಿದ್ದ ಕಡೆಯೆಲ್ಲ ಮನೆ, ಅಂಗಡಿಗಳು ಎದ್ದ ಮೇಲೆ ನೀರು ತನ್ನ ಹಳೆಯ ಜಾಗವನ್ನು ಹುಡುಕಿಕೊಂಡು ಬಂತು. ಆಗ ನಾವು ಕೆಲಸಕ್ಕಿದ್ದ ಹೋಟೇಲಿನ ಸಾಮಾನಿನ ವ್ಯಾನು, ಮುಂದೆ ಮೋಟು ಬಾನೆಟ್ಟು ಇರುವ ಹಳೆಯ ಗಾಡಿ, ಮೂರು ದಿನ ಸೀಟಿನ ಮಟ್ಟಕ್ಕೆ ಕೆಸರು ನೀರಿನಲ್ಲಿ ನಿಂತಿತ್ತು. ನೀರು ಇಳಿದ ಮೇಲೆ ಸೀಟು ಒಣಗಿಸಿದರು, ಎಣ್ಣೆ ಬದಲಿಸಿದರು, ಫಿಲ್ಟರು ಬದಲಿಸಿದರು, ಗಾಡಿ ಹೊರಟಿತು. ವಯರಿಂಗನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಹೊರಡುವ ಗಾಡಿಗೆ ಇನ್ನೇಕೆ ಖರ್ಚು ಎಂಬುದು ಧಣಿಗಳ ಲೆಕ್ಕ.

ಪೊಂಗಲ್ ಕಳೆಯಿತು. ತೈ ತಿಂಗಳು ಬಂತೆಂದರೆ ಈ ಊರಿನಲ್ಲಿ ಮದುವೆಗಳ ಸುಗ್ಗಿ. ಒಂದು ಬೆಳಗಿನ ಜಾವ ನಾಲ್ಕು ಗಂಟೆಗೆ ಮದುವೆಯ ತಿಂಡಿ ಹೊತ್ತು ತಾಂಬರದ ಕಡೆಗೆ ಹೊರಟೆವು. ನಾವು ಮೂವರು ಹಿಂದೆ, ಸಾಂಬಾರಿನ ಅಂಡೆ ಚೆಲ್ಲದಂತೆ ಕಾಲು ಕೊಟ್ಟು ಕುಳಿತಿದ್ದೆವು. ಮುಂದೆ ಡ್ರೈವರ್ ಅಣ್ಣ ಒಬ್ಬರೇ. ಪಳ್ಳಿಕರಣೆಗೆ ಮೊದಲೇ ಅವರು ಗಾಡಿಯನ್ನು ಪಕ್ಕಕ್ಕೆ ತಂದು, ಏನೋ ಸೀಯುತ್ತಿದೆ, ನಿಮ್ಮ ಪಾತ್ರೆಯದೋ ನನ್ನ ಗಾಡಿಯದೋ ನೋಡಿ ಎಂದರು. ನಾವು ಮುಚ್ಚಳ ಎತ್ತಿ ನೋಡಿದೆವು, ಸಾಂಬಾರು ಸರಿಯಾಗಿತ್ತು. ಅವರು ಮೇಲಿನವರಿಗೆ ಫೋನು ಮಾಡಿದರು. ಆ ಕಡೆಯಿಂದ ಬಂದ ಉತ್ತರ ನಮಗೂ ಕೇಳಿಸಿತು: ತಿಂಡಿ ಹೊತ್ತಿಗೆ ತಲಪಬೇಕು, ವಾಸನೆಯನ್ನು ಬಂದ ಮೇಲೆ ನೋಡೋಣ.

ಅಣ್ಣ ಮತ್ತೆ ಗಾಡಿ ಬಿಟ್ಟರು. ಎರಡು ಮೈಲು ಹೋಗಿರಬಹುದು. ಡ್ಯಾಶ್ ಬೋರ್ಡಿನ ಕೆಳಗಿನಿಂದ ಬಿಳಿಯ ಹೊಗೆ ಬಂತು. ಅವರು ಹಾರಿ ಇಳಿದು, ಗಾಬರಿಯಲ್ಲಿ ಬಾನೆಟ್ಟನ್ನು ಒಂದೇ ಸಲಕ್ಕೆ ಪೂರ್ತಿ ಎತ್ತಿದರು. ಒಳಗೆ ಕನಲುತ್ತಿದ್ದದ್ದು ಗಾಳಿ ಸಿಕ್ಕಿದ ಕೂಡಲೆ ಧಗ್ ಎಂದಿತು. ಬ್ಯಾಟರಿಯ ತಂತಿ ಬಿಚ್ಚೋಣವೆಂದರೆ ಗಾಡಿಯಲ್ಲಿ ಸ್ಪಾನರಿಲ್ಲ. ಅವರು ಬರಿಗೈಯಲ್ಲಿ ತಂತಿ ಹಿಡಿದು ಎಳೆದರು. ನಮ್ಮಲ್ಲೊಬ್ಬ ಕುಡಿಯುವ ನೀರಿನ ಕ್ಯಾನು ಹೊತ್ತು ಓಡಿದ. ಇನ್ನೊಬ್ಬ ಅವನನ್ನು ತಡೆದು ರಸ್ತೆಯ ಬದಿಯ ಮರಳನ್ನು ಬಾಚಿ ಎರಚಿದ. ಬೆಂಕಿ ಆರಿತು. ಅಣ್ಣನ ಬಲಗೈಯ ಎರಡು ಬೆರಳು ಮುಂದೆಂದೂ ಮಡಿಸಲು ಬರಲಿಲ್ಲ. ಸ್ಟಿಯರಿಂಗ್ ಹಿಡಿಯುವ ಕೈ ಅದು. ಈಗ ಒಂದು ದೊಡ್ಡ ವಸತಿ ಕಟ್ಟಡದ ಗೇಟಿನಲ್ಲಿ ರಾತ್ರಿ ಕಾವಲು ಕೂರುತ್ತಾರೆ. ಗಾಡಿಯ ರಿಪೇರಿಯ ಹಣದಲ್ಲಿ ಒಂದು ಪಾಲನ್ನು ಅವರ ಕೊನೆಯ ಸಂಬಳದಲ್ಲಿ ಮುರಿದುಕೊಂಡರು. ತಿಂಡಿ ತಲಪದ್ದಕ್ಕೆ ನಮ್ಮ ಮೂವರ ಬಾಟವೂ ಹೋಯಿತು.

ಆಮೇಲೆ ಗಾಡಿ ಬಿಚ್ಚಿದ ಎಲೆಕ್ಟ್ರಿಷಿಯನ್ ನಮ್ಮನ್ನು ಕರೆದು ಫ್ಯೂಜಿನ ಪೆಟ್ಟಿಗೆ ತೋರಿಸಿದ. ಒಂದು ಫ್ಯೂಜಿನ ಜಾಗದಲ್ಲಿ ತಾಮ್ರದ ತಂತಿ ಸುತ್ತಿತ್ತು. ನೆರೆಯ ನಂತರ ಆ ಫ್ಯೂಜು ಮತ್ತೆ ಮತ್ತೆ ಹೋಗುತ್ತಿತ್ತಂತೆ, ಬೇಸತ್ತು ಯಾರೋ ತಂತಿ ಸುತ್ತಿದ್ದರು. ಕೆಸರು ನೀರು ಹೊಕ್ಕಿದ್ದ ಜಾಯಿಂಟುಗಳಲ್ಲಿ ತಾಮ್ರದ ಮೇಲೆ ಹಸಿರು ಕಿಲುಬು ಕಟ್ಟಿತ್ತು. ಕರೆಂಟು ಹರಿಯುವ ದಾರಿ ಎಲ್ಲಿ ಇಕ್ಕಟ್ಟಾಗುತ್ತದೋ ಅಲ್ಲಿ ಬಿಸಿ. ಬಿಸಿಗೆ ತಂತಿಯ ಮೇಲಿನ ಪ್ಲಾಸ್ಟಿಕ್ಕು ಮೆತ್ತಗಾಗುತ್ತದೆ, ಎರಡು ತಂತಿ ಒಂದಕ್ಕೊಂದು ತಾಗುತ್ತವೆ. ಅಂಥ ಹೊತ್ತಿನಲ್ಲಿ ತಾನು ಸತ್ತು ಗಾಡಿಯನ್ನು ಉಳಿಸಬೇಕಾದದ್ದು ಫ್ಯೂಜು. ಅದನ್ನೇ ಮೊದಲು ಕೊಂದಿದ್ದರು. ಗಾಡಿಯ ಕಂಪೆನಿಯದಾಗಲಿ, ಡ್ರೈವರರದಾಗಲಿ ಇದರಲ್ಲಿ ಏನೂ ತಪ್ಪಿರಲಿಲ್ಲ.

ಅಂದಿನಿಂದ ನಾವು ಮೆಕ್ಯಾನಿಕರ ಶೆಡ್ಡುಗಳಲ್ಲಿ ಕುಳಿತು, ಹಳೆಯ ಡ್ರೈವರರನ್ನು ಕೇಳಿ ಕಲಿತದ್ದನ್ನು ನಿಮ್ಮ ಮುಂದೆ ಇಡುತ್ತೇವೆ. ಇದರಲ್ಲಿ ತಪ್ಪಿದ್ದರೆ ಮುಂದಿನ ಸಾಲಿನ ಹಿರಿಯರು ತಿದ್ದಬೇಕು.

ಮೊದಲನೆಯದಾಗಿ, ವಾಸನೆ ನಿಮ್ಮ ಗಾಡಿಯದೇ ಹೌದೋ? ಇದು ಹಾಸ್ಯವಲ್ಲ. 2022ರ ಏಪ್ರಿಲ್‌ನಲ್ಲಿ ಪೆರುಂಗುಡಿಯ ಕಸದ ರಾಶಿಗೆ ಬೆಂಕಿ ಹತ್ತಿ ದಿನಗಟ್ಟಲೆ ಹೊಗೆಯಾಡಿತಲ್ಲ, ಆಗ ಈ ದಾರಿಯಲ್ಲಿ ಓಡಾಡಿದವರಿಗೆಲ್ಲ ಮೂಗು ಮಂಕಾಗಿ, ಯಾವ ವಾಸನೆ ಬಂದರೂ ಕಸದ್ದೇ ಎಂದುಕೊಳ್ಳುವ ಹಾಗಾಗಿತ್ತು. ಮುಂದೆ ಹೋಗುವ ಲಾರಿಯ ಬ್ರೇಕಿನ ವಾಸನೆಯೂ ನಿಮ್ಮ ಕ್ಯಾಬಿನ್ನಿಗೆ ಬರಬಹುದು. ಅದನ್ನು ದಾಟಿದ ಮೇಲೂ, ರಸ್ತೆ ಬದಲಿಸಿದ ಮೇಲೂ ವಾಸನೆ ಜೊತೆಯಲ್ಲೇ ಬಂದರೆ ಅದು ನಿಮ್ಮದು. ಆಗ ಮಾತಿಲ್ಲದೆ ಎಡಕ್ಕೆ ನಿಲ್ಲಿಸಬೇಕು.

ನಿಲ್ಲಿಸುವ ಮೊದಲು ಒಂದು ಕ್ಷಣ ಯೋಚಿಸಿ: ವಾಸನೆ ಯಾವಾಗ ಬಂತು? ಸ್ಟಾರ್ಟು ಮಾಡಿದ ಕೂಡಲೆಯೋ, ವಿಜಯನಗರದ ಸಿಗ್ನಲಿನಲ್ಲಿ ನಿಂತಾಗಲೋ, ಸೇತುವೆ ಹತ್ತುವಾಗಲೋ, ಹಾರನ್ನು ಒತ್ತಿದಾಗಲೋ, ದೀಪ ಹಾಕಿದಾಗಲೋ? ವೈದ್ಯರು ನಾಡಿ ಹಿಡಿಯುವ ಮೊದಲು ಜ್ವರ ಎಂದಿನಿಂದ ಎಂದು ಕೇಳುವುದಿಲ್ಲವೇ, ಹಾಗೆಯೇ. ಅರ್ಧ ರೋಗ ಅಲ್ಲೇ ತಿಳಿಯುತ್ತದೆ.

ಸ್ಟಾರ್ಟು ಮಾಡುವಾಗ ಕೀಚ್ ಎಂಬ ಶಬ್ದ, ಜೊತೆಗೆ ಸೈಕಲ್ಲಿನ ಟ್ಯೂಬು ಸುಟ್ಟಂಥ ವಾಸನೆ ಬಂದರೆ ಮೊದಲು ಫ್ಯಾನ್ ಬೆಲ್ಟನ್ನು ನೋಡಿ. ಸಡಿಲಾದ ಬೆಲ್ಟು ಪುಲ್ಲಿಯ ಮೇಲೆ ಜಾರಿ ಉಜ್ಜಿಕೊಳ್ಳುತ್ತದೆ, ಉಜ್ಜಿದ ಮೈ ಕನ್ನಡಿಯ ಹಾಗೆ ಹೊಳೆಯುತ್ತದೆ. ಹಲವು ಗಾಡಿಗಳಲ್ಲಿ ಇದೇ ಬೆಲ್ಟು ನೀರಿನ ಪಂಪನ್ನೂ ಡೈನಮೋವನ್ನೂ ತಿರುಗಿಸುತ್ತದೆ. ಆದ್ದರಿಂದ ಬೆಲ್ಟಿನ ವಾಸನೆಯ ಹಿಂದೆಯೇ ಬ್ಯಾಟರಿಯ ಕೆಂಪು ದೀಪ ಹತ್ತಬಹುದು, ಇಂಜಿನು ಕಾಯಲೂಬಹುದು. ಇಂಜಿನು ಆಫ್ ಮಾಡಿ, ಕೀಯನ್ನು ಸ್ವಂತ ಜೇಬಿನಲ್ಲಿ ಇಟ್ಟುಕೊಂಡ ಮೇಲೆಯೇ ಬೆಲ್ಟಿಗೆ ಕೈ ಹಾಕಬೇಕು. ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಹಳೆಯ ತರದ ಬೆಲ್ಟು ಸುಮಾರು ಅರ್ಧ ಇಂಚು ಬಾಗಬೇಕು. ಅದಕ್ಕಿಂತ ಬಹಳ ಹೆಚ್ಚಾದರೆ ಸಡಿಲು. ಬಿಗಿ ಸರಿಯಾಗಿದ್ದೂ ಬೆಲ್ಟು ಸುಡುತ್ತಿದ್ದರೆ ಯಾವುದೋ ಪುಲ್ಲಿ ಹಿಡಿದುಕೊಂಡಿದೆ ಎಂದು ತಿಳಿಯಿರಿ, ಬೇರಿಂಗು ಹೋಗಿರುತ್ತದೆ. ಬೆಲ್ಟು ಬಿಚ್ಚಿ ಒಂದೊಂದು ಪುಲ್ಲಿಯನ್ನೂ ಕೈಯಲ್ಲಿ ತಿರುಗಿಸಿ ನೋಡಿದರೆ ಕಳ್ಳ ಸಿಗುತ್ತಾನೆ.

ಕೀಯನ್ನು ಜೇಬಿನಲ್ಲಿ ಇಟ್ಟುಕೊಳ್ಳಿ ಎಂದದ್ದು ಕ್ಲೀನರ್ ತಮ್ಮಂದಿರಿಗಾಗಿ. ಬೆಲ್ಟಿನಲ್ಲಿ ಬೆರಳು ಕಳೆದುಕೊಳ್ಳುವವರು ಹೆಚ್ಚಾಗಿ ಅವರೇ.

ಇನ್ನು ಎಣ್ಣೆಯ ವಾಸನೆ. ಇದು ನಮಗೆ, ಬಾಣಲೆಯವರಿಗೆ, ಚೆನ್ನಾಗಿ ಗೊತ್ತು. ನಾವು ಬೋಂಡಾ ಕರಿಯುವುದು ಸುಮಾರು 180 ಡಿಗ್ರಿ ಶಾಖದಲ್ಲಿ. ಇಂಜಿನಿನಿಂದ ಹೊಗೆ ಹೊರಗೆ ಬರುವ ಕಬ್ಬಿಣದ ಕೊಳವೆ ಭಾರ ಎಳೆಯುವಾಗ ಅದಕ್ಕಿಂತ ಎಷ್ಟೋ ಮೇಲೆ ಕಾದಿರುತ್ತದೆ. ಟ್ಯಾಪೆಟ್ ಕವರಿನ ಗ್ಯಾಸ್ಕೆಟ್ಟು ಸೋರಿ, ಒಂದೊಂದೇ ಹನಿ ಎಣ್ಣೆ ಆ ಕೊಳವೆಯ ಮೇಲೆ ಬಿದ್ದರೆ ನೀಲಿ ಹೊಗೆ, ಗಂಟಲು ಕೆರೆಯುವ ಕಮಟು. ಗಾಡಿ ಓಡುವಾಗ ಗಾಳಿಗೆ ತಿಳಿಯದು, ಸಿಗ್ನಲಿನಲ್ಲಿ ನಿಂತಾಗ ಕ್ಯಾಬಿನ್ನೆಲ್ಲ ತುಂಬುತ್ತದೆ. ಇಂಥ ಸೋರಿಕೆಯನ್ನು ಕಂಡುಹಿಡಿಯುವ ಬಗೆ ಸುಲಭ. ಇಂಜಿನು ಆರಿದ ಮೇಲೆ ಎಣ್ಣೆಯ ಜಿಡ್ಡನ್ನೆಲ್ಲ ಒರೆಸಿ, ಸ್ವಲ್ಪ ಹೊತ್ತು ಓಡಿಸಿ, ಆಫ್ ಮಾಡಿ ಟಾರ್ಚು ಹಿಡಿದು ಮೇಲಿನಿಂದ ಕೆಳಕ್ಕೆ ನೋಡುತ್ತ ಬರಬೇಕು. ಎಣ್ಣೆ ಕೆಳಗೆ ಹರಿಯುವುದರಿಂದ ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದೇ ಮೂಲ. ಎಷ್ಟೋ ಸಲ ಸೋರಿಕೆಯೇ ಇರುವುದಿಲ್ಲ. ಎಣ್ಣೆ ಹಾಕುವಾಗ ಚೆಲ್ಲಿದ್ದಿರಬಹುದು, ಇಲ್ಲವೇ ಕೈ ಒರೆಸಿದ ಬನಿಯನ್ ಬಟ್ಟೆಯನ್ನು ಇಂಜಿನಿನ ಮೇಲೆಯೇ ಮರೆತು ಬಾನೆಟ್ಟು ಮುಚ್ಚಿರಬಹುದು. ಎಣ್ಣೆ ಬಟ್ಟೆ ಕಾದ ಕೊಳವೆಯ ಮೇಲೆ ಬಿದ್ದರೆ ಅದು ದೀಪದ ಬತ್ತಿಯೇ. ಮಳೆಗಾಲದಲ್ಲಿ ಇಲಿ ಬೆಚ್ಚಗಿನ ಜಾಗವೆಂದು ಹುಲ್ಲು, ಕಾಗದ ತಂದು ಗೂಡು ಕಟ್ಟುವುದೂ ಉಂಟು. ರಸ್ತೆಯ ಪ್ಲಾಸ್ಟಿಕ್ ಚೀಲ ಹಾರಿ ಸೈಲೆನ್ಸರಿಗೆ ಅಂಟುವುದೂ ಉಂಟು.

ಡೀಸೆಲಿನ ಹಸಿ ವಾಸನೆ ಬಂದರೆ ಮಾತ್ರ ಹುಡುಗಾಟ ಬೇಡ. ಈಗಿನ ಇಂಜಿನುಗಳಲ್ಲಿ ಡೀಸೆಲು ಭಯಂಕರವಾದ ಒತ್ತಡದಲ್ಲಿ ಹರಿಯುತ್ತದೆ. ಕಣ್ಣಿಗೆ ಕಾಣದ ಸಣ್ಣ ತೂತಿನಿಂದ ಚಿಮ್ಮುವ ಎಳೆ ಸೂಜಿಯಂತೆ ಚರ್ಮದೊಳಗೆ ಹೊಕ್ಕು ಕೈಯನ್ನೇ ಕೊಳೆಯಿಸಬಲ್ಲದು. ಓಡುತ್ತಿರುವ ಇಂಜಿನಿನಲ್ಲಿ ಬೆರಳಿನಿಂದ ಸೋರಿಕೆ ಹುಡುಕಲೇಬಾರದು. ಆಫ್ ಮಾಡಿ, ಮೆಕ್ಯಾನಿಕನನ್ನು ಕರೆಯಿರಿ.

ಬೆಲ್ಲದ ಪಾಕದಂಥ ಸಿಹಿ ವಾಸನೆ ಬಂದರೆ ಅದು ರೇಡಿಯೇಟರಿನ ಕೂಲಂಟು. ಸಿಹಿ ಎಂದು ನಂಬಬೇಡಿ, ಅದು ವಿಷ. ಹೋಸು ಒಡೆದಿರಬಹುದು, ಕ್ಯಾಬಿನ್ನಿನ ಬಿಸಿಗಾಳಿಯ ಡಬ್ಬಿ ಸೋರುತ್ತಿರಬಹುದು. ಕಾದ ರೇಡಿಯೇಟರಿನ ಮುಚ್ಚಳ ತೆಗೆಯಬಾರದೆಂದು ನಾವು ಹೇಳಿದರೆ, ಗೊತ್ತು ಗೊತ್ತು ಎನ್ನುತ್ತೀರಿ. ಪ್ರೆಶರ್ ಕುಕ್ಕರಿನ ಮುಚ್ಚಳವನ್ನು ಹಬೆ ಹೋಗುವ ಮೊದಲು ತೆಗೆಯಬಾರದೆಂದು ನಮ್ಮ ಹುಡುಗರಿಗೂ ಗೊತ್ತು. ಆದರೂ ಪ್ರತಿ ವರ್ಷ ಯಾರಾದರೂ ಮುಖ ಸುಟ್ಟುಕೊಂಡು ಬರುತ್ತಾರೆ.

ಕ್ಲಚ್ಚಿನದು ಬೇರೆಯೇ ವಾಸನೆ, ರಟ್ಟು ಸುಟ್ಟ ಹಾಗೆ. ಅದು ಬಾನೆಟ್ಟಿನಿಂದ ಬಾರದೆ ಕಾಲಿನ ಕೆಳಗಿನಿಂದ ಮೇಲಕ್ಕೆ ಬರುತ್ತದೆ. ನೂರಡಿ ರಸ್ತೆಯ ಸಂಜೆಯ ಸಂದಣಿಯಲ್ಲಿ ಅರ್ಧ ಕ್ಲಚ್ಚು ತುಳಿದೇ ಅಂಗುಲ ಅಂಗುಲವಾಗಿ ಸರಿಯುವವರಿಗೆ, ಮಿತಿಗೆ ಮೀರಿ ಭಾರ ಹೇರಿದವರಿಗೆ ಇದರ ಪರಿಚಯ ಇದ್ದೇ ಇರುತ್ತದೆ. ಬ್ರೇಕಿನದೂ ಹೆಚ್ಚುಕಡಿಮೆ ಅಂಥದೇ. ಕೋಲಾರದ ಟೊಮೇಟೊ ತುಂಬಿಕೊಂಡು ಕೋಯಂಬೇಡಿಗೆ ಬರುವ ಅಣ್ಣಂದಿರು ಪಲಮನೇರು ದಾಟಿ ಮೊಗಿಲಿ ಘಟ್ಟ ಇಳಿಯುವಾಗ ಗೇರಿನಲ್ಲಿ ಇಳಿಯದೆ ಬ್ರೇಕನ್ನೇ ತುಳಿದರೆ ಡ್ರಮ್ಮು ಕಾದು ಹೊಗೆಯಾಡುತ್ತದೆ. ಆಮೇಲೆ ತುಳಿದರೂ ಬ್ರೇಕು ಹಿಡಿಯುವುದಿಲ್ಲ. ಘಟ್ಟವಿಲ್ಲದ ದಾರಿಯಲ್ಲೂ ಒಂದೇ ಚಕ್ರ ಕಾದಿದ್ದರೆ ಅಲ್ಲಿ ಬ್ರೇಕು ಕಚ್ಚಿಕೊಂಡಿದೆ, ಇಲ್ಲವೇ ಬೇರಿಂಗು ಹೋಗಿದೆ. ಅಂಗೈಯ ಹಿಂಬದಿಯನ್ನು ಚಕ್ರದ ಹತ್ತಿರ ಹಿಡಿದರೆ ಸಾಕು, ಮುಟ್ಟಬೇಕಾಗಿಲ್ಲ. ದೋಸೆಕಲ್ಲು ಕಾದದ್ದನ್ನು ನಾವು ಹಾಗೆಯೇ ನೋಡುತ್ತೇವೆ.

ಹೊಸ ಗಾಡಿಯವರಿಗೆ ಒಂದು ಮಾತು. 2020ರ ಏಪ್ರಿಲ್ 1ರಿಂದ ಬಿ.ಎಸ್. 6 ಗಾಡಿಗಳು ಬಂದಿವೆ. ಅವುಗಳಲ್ಲಿ ಹಲವಕ್ಕೆ ಮಸಿಯನ್ನು ಹಿಡಿದಿಡುವ ಫಿಲ್ಟರು ಇರುತ್ತದೆ. ತುಂಬಿದ ಮಸಿಯನ್ನು ಗಾಡಿ ಆಗಾಗ ತಾನೇ ಸುಟ್ಟುಕೊಳ್ಳುತ್ತದೆ. ಆಗ ಸೈಲೆನ್ಸರಿನ ಕಡೆಯಿಂದ ಕಾದ ಕಬ್ಬಿಣದ ವಾಸನೆ ಬಂದರೆ ಅದು ರೋಗವಲ್ಲ. ಆದರೆ ಆ ಹೊತ್ತಿನಲ್ಲಿ ಒಣಹುಲ್ಲಿನ ಮೇಲೋ ಕಾಗದದ ರಾಶಿಯ ಮೇಲೋ ಗಾಡಿ ನಿಲ್ಲಿಸಬಾರದು. ಮೀಟರಿನಲ್ಲಿ ಬರುವ ಗುರುತನ್ನು ಓದಲು ಕಲಿಯಿರಿ. ಕಲಿಸಿಕೊಡೆಂದು ಗಾಡಿ ಕೊಟ್ಟವರನ್ನು ಕೇಳುವುದಕ್ಕೆ ನಾಚಿಕೆ ಬೇಡ.

ಕಡೆಗೆ ಇಟ್ಟುಕೊಂಡದ್ದು ಕರೆಂಟಿನ ವಾಸನೆ. ಪ್ಲಾಸ್ಟಿಕ್ಕು ಸುಟ್ಟ ಚುರುಕು ವಾಸನೆ, ಕೆಲವು ಸಲ ಹಳಸಿದ ಮೀನಿನ ಹಾಗೆ. ಡ್ರೈವರ್ ಅಣ್ಣನ ಬೆರಳುಗಳನ್ನು ತೆಗೆದುಕೊಂಡದ್ದು ಇದೇ. ಮಿಕ್ಕ ವಾಸನೆಗಳು ನಿಮಗೆ ಸ್ವಲ್ಪ ಸಮಯ ಕೊಡಬಹುದು, ಇದು ಕೊಡುವುದಿಲ್ಲ. ಯಾವ ಸ್ವಿಚ್ಚು ಹಾಕಿದಾಗ ಬಂತೋ ಅದನ್ನು ತೆಗೆಯಿರಿ, ಇಂಜಿನು ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ತಂತಿಯನ್ನು ಮೊದಲು ಬಿಚ್ಚಿರಿ. ಪಾಸಿಟಿವನ್ನು ಮೊದಲು ಬಿಚ್ಚಲು ಹೋಗಿ ಸ್ಪಾನರು ಗಾಡಿಯ ಮೈಗೆ ತಾಗಿದರೆ ಅಲ್ಲೇ ಕಿಡಿ. ಸೆಲ್ಫಿಗೆ ಹೋಗುವ ದಪ್ಪ ತಂತಿಗೆ ಎಷ್ಟೋ ಹಳೆಯ ಗಾಡಿಗಳಲ್ಲಿ ಫ್ಯೂಜೇ ಇಲ್ಲ. ಅದು ಎಲ್ಲಾದರೂ ಉಜ್ಜಿ ಬರಿದಾಗಿದ್ದರೆ ಕೀ ತೆಗೆದರೂ ಸುಡುತ್ತಲೇ ಇರುತ್ತದೆ. ಆದ್ದರಿಂದ ಬ್ಯಾಟರಿಯ ನಟ್ಟಿಗೆ ಸರಿಹೊಂದುವ ಒಂದು ಸ್ಪಾನರನ್ನು ಸೀಟಿನ ಹತ್ತಿರ ಕಟ್ಟಿ ಇಡಿ. ಒಂದು ಊಟದ ಬೆಲೆಯೂ ಇಲ್ಲದ ಸ್ಪಾನರು ಅಂದು ನಮ್ಮ ಗಾಡಿಯಲ್ಲಿ ಇರಲಿಲ್ಲ.

ಫ್ಯೂಜು ಹೋದರೆ ಅಷ್ಟೇ ಆಂಪೇರಿನ ಫ್ಯೂಜನ್ನೇ ಹಾಕಬೇಕು. ಅದೂ ಹೋದರೆ ಕಾರಣ ಹುಡುಕಬೇಕು. ತಂತಿ ಸುತ್ತಬಾರದು, ಸಿಗರೇಟಿನ ಬೆಳ್ಳಿ ಕಾಗದ ತುರುಕಬಾರದು. ನಾಲ್ಕು ಹಾರನ್ನು, ಬಣ್ಣದ ದೀಪದ ಮಾಲೆ, ಫ್ಯಾನು, ಪಾಟಿನ ಪೆಟ್ಟಿಗೆ ಎಲ್ಲವನ್ನೂ ಒಂದೇ ತಂತಿಗೆ ಜೋತು ಹಾಕುವ ಶೋಕಿಯನ್ನು ಡ್ರೈವರರೂ ಬಿಡಬೇಕು. ತಪ್ಪೆಲ್ಲ ಧಣಿಗಳದೇ ಎಂದು ಹೇಳಿ ಚಪ್ಪಾಳೆ ತೆಗೆದುಕೊಳ್ಳಲು ನಾವು ಬಂದಿಲ್ಲ.

ಬೆಂಕಿಯೇ ಹತ್ತಿದ್ದರೆ ಬಾನೆಟ್ಟನ್ನು ಪೂರ್ತಿ ಎತ್ತಬೇಡಿ. ಪೌಡರಿನ ಸಿಲಿಂಡರಿದ್ದರೆ ಬಾನೆಟ್ಟಿನ ಸಂದಿನಿಂದ ಬೆಂಕಿಯ ಬುಡಕ್ಕೆ ಹೊಡೆಯಿರಿ. ಉರಿಯುವ ಎಣ್ಣೆಗೆ ನೀರು ಹಾಕಿದರೆ ಏನಾಗುವುದೆಂದು ಇಲ್ಲಿರುವ ಯಾವ ಅಡಿಗೆಯವರನ್ನಾದರೂ ಕೇಳಿ, ತೋಳಿನ ಕಲೆ ತೋರಿಸುತ್ತಾರೆ. ಕೈ ಮೀರಿತೆಂದು ಕಂಡರೆ ಗಾಡಿಯನ್ನು ಬಿಟ್ಟು ದೂರ ಸರಿಯಿರಿ. ಹಿಂದೆ ಮಲಗಿರುವ ಕ್ಲೀನರನನ್ನು ಮೊದಲು ಎಬ್ಬಿಸಿ.

ಈಗ, ನಿಲ್ಲಿಸಿದ್ದಕ್ಕೆ ಕೆಲಸ ಹೋದರೆ ಏನು ಮಾಡುವುದು ಎಂಬ ಪ್ರಶ್ನೆ. ಅದು ಎಲ್ಲರ ಮನಸ್ಸಿನಲ್ಲೂ ಇದೆ, ಬಾಯಿ ಬಿಟ್ಟು ಕೇಳಿದವರು ಇಬ್ಬರೇ. 1988ರ ಮೋಟಾರು ವಾಹನ ಕಾಯಿದೆಯ 190ನೆಯ ಕಲಮನ್ನು ವಕೀಲರ ಹತ್ತಿರ ಓದಿಸಿ ಕೇಳಿದ್ದೇವೆ. ಅಪಾಯ ತರುವಂಥ ದೋಷ ಇದೆಯೆಂದು ಗೊತ್ತಿದ್ದೂ ಗಾಡಿ ಓಡಿಸುವವನು ಮಾತ್ರವಲ್ಲ, ಓಡಿಸುವಂತೆ ಮಾಡುವವನೂ, ಓಡಿಸಲು ಬಿಡುವವನೂ ಅಪರಾಧಿ. 2019ರ ತಿದ್ದುಪಡಿಯಾದ ಮೇಲೆ ದಂಡ 1500 ರೂಪಾಯಿಯವರೆಗೆ. ಆ ದೋಷದಿಂದ ಅಪಘಾತವಾಗಿ ಯಾರಿಗಾದರೂ ಪೆಟ್ಟಾದರೆ ಸೆರೆಮನೆಯೂ ಉಂಟು. ಆದ್ದರಿಂದ ಫೋನಿನಲ್ಲಿ ಹೇಳಿದರೆ ಸಾಲದು. ವಾಸನೆ ಬಂದ ಕೂಡಲೆ ನಿಲ್ಲಿಸಿ, ಎಲ್ಲಿ, ಎಷ್ಟು ಗಂಟೆಗೆ, ಎಂಥ ವಾಸನೆ ಎಂದು ಎರಡು ಸಾಲು ಬರೆದು ಮೇಲಿನವರ ಫೋನಿಗೆ ಕಳುಹಿಸಿ. ಕನ್ನಡದಲ್ಲೋ ತಮಿಳಿನಲ್ಲೋ, ಕಾಗುಣಿತ ತಪ್ಪಿದರೂ ಚಿಂತೆಯಿಲ್ಲ. ಆ ಬೆಳಗಿನ ಜಾವ ನಮ್ಮ ಹತ್ತಿರ ಅಂಥ ಎರಡು ಸಾಲು ಇದ್ದಿದ್ದರೆ, ಅಣ್ಣನ ಸಂಬಳ ಮುರಿಯುವಾಗ ನಾವು ಬಾಯಿ ಮುಚ್ಚಿ ನಿಲ್ಲಬೇಕಾಗಿರಲಿಲ್ಲ. ನಾವು ಮೂವರು ಕಿವಿಯಾರೆ ಕೇಳಿದ್ದೆವು, ಆದರೂ ಯಾರೂ ಮುಂದೆ ಬಂದು ಹೇಳಲಿಲ್ಲ. ಕೆಲಸದ ಹೆದರಿಕೆ. ಅದನ್ನು ಈ ಸಭೆಯಲ್ಲಿ ಒಪ್ಪಿಕೊಳ್ಳುತ್ತೇವೆ.

ನೆರೆಯ ನೀರಿನಲ್ಲಿ ನಿಂತ ಗಾಡಿಯ ವಯರಿಂಗನ್ನು ಬಿಚ್ಚಿ ನೋಡಿಸದೆ ಹೊರಡಿಸಬಾರದೆಂದು ಸಂಘ ಕೇಳುತ್ತಿದೆ. 2015 ಒಂದೇ ಅಲ್ಲ, 2023ರ ಡಿಸೆಂಬರ್‌ನ ಮಿಚಾಂಗ್ ಚಂಡಮಾರುತದಲ್ಲೂ ಇಲ್ಲಿ ನೀರು ನಿಂತಿತು. 2024ರ ಅಕ್ಟೋಬರ್‌ನಲ್ಲಿ ಮಳೆಯ ಎಚ್ಚರಿಕೆ ಬಂದೊಡನೆ ವೇಲಚೇರಿಯ ಮೇಲ್ಸೇತುವೆಯ ಮೇಲೆ ಕಾರುಗಳು ಸಾಲುಗಟ್ಟಿ ನಿಂತದ್ದನ್ನು ಎಲ್ಲರೂ ಕಂಡಿದ್ದೇವೆ. ಬುದ್ಧಿವಂತರು, ತಪ್ಪೆನ್ನಲಾರೆವು. ನಮ್ಮ ಕುಟ್ಟಿ ಯಾನೆ ಗಾಡಿಗಳೂ ಸಾಮಾನಿನ ವ್ಯಾನುಗಳೂ ಯಾರ ಅಪ್ಪಣೆಗೋ ಕಾಯುತ್ತ ಕೆಳಗೇ ನಿಂತಿದ್ದವು. ಆ ಕುಟ್ಟಿ ಯಾನೆಯಲ್ಲಿ ಇಂಜಿನು ಇರುವುದೇ ಸೀಟಿನ ಅಡಿಯಲ್ಲಿ ಎಂಬುದನ್ನೂ ನೆನಪಿಡಿ.

ಮಾತು ಉದ್ದವಾಯಿತು. ಹೊರಗೆ ಒಂದು ಗಾಡಿಯನ್ನು ತಂದು ನಿಲ್ಲಿಸಿದ್ದೇವೆ. ಇಂಜಿನು ಆರಿದೆ, ಕೀ ನಮ್ಮ ಹತ್ತಿರ ಇದೆ. ಮೆಕ್ಯಾನಿಕ್ ಅಣ್ಣ ಬಾನೆಟ್ಟು ತೆರೆದು ಬೆಲ್ಟು, ಫ್ಯೂಜಿನ ಪೆಟ್ಟಿಗೆ, ಬ್ಯಾಟರಿಯ ತಂತಿ ಎಲ್ಲವನ್ನೂ ತೋರಿಸಿಕೊಡುತ್ತಾರೆ. ಕ್ಲೀನರ್ ತಮ್ಮಂದಿರು ಮುಂದೆ ಬನ್ನಿ, ಹಿರಿಯರು ಸ್ವಲ್ಪ ಹಿಂದೆ ನಿಲ್ಲಿ. ಕಾಫಿ ಆಮೇಲೆ.